ಕೆಟ್ಟ ಎಲೆ ಕೊಡದ ಕೈ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಊರಿಗೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ. ಆದರೂ ಸವಣೂರಿನ ಮುನಾಫ ಚಾಚಾ ಮೂರು ತಿಂಗಳು ನನಗೆ ಟೋಪಿ ಹಾಕಿದ್ದರು ಎಂದು ಗೊತ್ತಾದ ದಿನ ಬಂದ ಸಿಟ್ಟು, ಬಸಿಯಲ್ಲಿ ಸುರಿದ ಚಹಾ ಆರುವಷ್ಟು ಹೊತ್ತೂ ನಿಲ್ಲಲಿಲ್ಲ. ಅಂಥ ಮನುಷ್ಯನ ಮೇಲೆ ಸಿಟ್ಟಾಗಿ ಉಳಿಯಲು ಬೇರೆಯದೇ ಮೂಗು ಬೇಕು.

ನಾನು ಶ್ವೇತಾ, ಹತ್ತಿಮತ್ತೂರಿನ ಪರಮೇಶಪ್ಪನವರ ಎರಡನೇ ಮಗಳು. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಬೆಳೆಗಳ ರೋಗದ ಮೇಲೆ ಸಂಶೋಧನೆ ಮಾಡುತ್ತೇನೆ. ಬಿಡಿಸಿ ಹೇಳಬೇಕೆಂದರೆ, ವೀಳ್ಯದೆಲೆಗೆ ರೋಗ ತರುವ ಬ್ಯಾಕ್ಟೀರಿಯಾವನ್ನು ಹಿಡಿದು, ಅದನ್ನು ಔಷಧಕ್ಕೆ ಬಗ್ಗದಂತೆ ಮಾಡುವ ಜೀನು ಅದರೊಳಗೆ ಇದೆಯೋ ಇಲ್ಲವೋ ಎಂದು ಹುಡುಕುವುದು ನನ್ನ ಕೆಲಸ. ಅವ್ವ ಇದನ್ನು ನೆರೆಹೊರೆಯವರಿಗೆ ಹೇಳುವ ರೀತಿಯೇ ಬೇರೆ. "ನಮ್ಮಾಕಿ ಎಲಿಗೆ ರಕ್ತ ತಪಾಸಣಿ ಮಾಡ್ತಾಳ" ಎನ್ನುತ್ತಾಳೆ.

ಸವಣೂರಿನ ಎಲೆಯ ಹೆಸರು ಕೇಳದವರು ಈ ಕಡೆ ಯಾರೂ ಇಲ್ಲ. ನಮ್ಮ ಮನೆಯ ಯಾವ ಶುಭಕಾರ್ಯಕ್ಕೂ ಮೊದಲ ಎಲೆಕಟ್ಟು ಬರುವುದು ಮುನಾಫ ಚಾಚಾನ ತೋಟದಿಂದಲೇ. ಅಜ್ಜನ ಕಾಲದಿಂದ ಬಂದ ರೂಢಿ. ಊರಾಚೆ ಒಂದು ಎಕರೆಗೂ ಕಡಿಮೆ ಜಾಗ. ಸಾಲು ಸಾಲು ಚೊಗಚೆ ಮರ, ಅವನ್ನು ತಬ್ಬಿ ಮೇಲೇರಿದ ಬಳ್ಳಿ, ಒಳಗೆ ಮಟಮಟ ಮಧ್ಯಾಹ್ನವೂ ತಂಪು. ಚಾಚಾನ ಕೈಗುಣವೂ ತೋಟದಷ್ಟೇ ಹೆಸರುವಾಸಿ. ಅವರು ಊರಿದ ಕುಡಿ ಹುಸಿ ಹೋದದ್ದೇ ಇಲ್ಲವಂತೆ. ಯಾರೇ ಹೊಸದಾಗಿ ಎಲೆತೋಟ ಹಚ್ಚಲಿ, ಮೊದಲ ಕುಡಿಯನ್ನು ಅವರನ್ನು ಕರೆಸಿ ಅವರ ಕೈಯಿಂದಲೇ ಊರಿಸುತ್ತಿದ್ದರು. ಅರವತ್ತಾರು ವರ್ಷದ ಆ ಮನುಷ್ಯನಿಗೆ ಇದೊಂದೇ ಜಂಬ. ಅದನ್ನೂ ಅವರು ಬಾಯಿಬಿಟ್ಟು ಹೇಳಿದವರಲ್ಲ.

ಎರಡು ವರ್ಷದಿಂದ ಆ ತೋಟಕ್ಕೆ ಚುಕ್ಕಿ ರೋಗ ಬಿದ್ದಿತ್ತು. ಎಲೆಯ ಮೇಲೆ ನೀರು ಹೀರಿಕೊಂಡಂಥ ಸಣ್ಣ ಚುಕ್ಕಿ, ಅದರ ಸುತ್ತ ಹಳದಿ ಬಳೆ. ನಾಲ್ಕೇ ದಿನದಲ್ಲಿ ಚುಕ್ಕಿಗಳು ಕೂಡಿಕೊಂಡು ಎಲೆ ಕೊಳೆತು ಉದುರುತ್ತದೆ. ಚಾಚಾ ಅದಕ್ಕೆ ಗುದ್ಲೆಪ್ಪನ ಅಂಗಡಿಯಿಂದ ಸ್ಟ್ರೆಪ್ಟೊಮೈಸಿನ್ ಪುಡಿ ತಂದು ನೀರಿನಲ್ಲಿ ಕಲಸಿ ಹೊಡೆಯುತ್ತಿದ್ದರು. ಆಗಿನ್ನೂ ಅದು ಅಂಗಡಿಗಳಲ್ಲಿ ಸಿಗುತ್ತಿತ್ತು. ಆ ಪುಡಿಯ ಮೇಲೆ ಅವರಿಗೆ ದೇವರಷ್ಟು ನಂಬಿಕೆ. ಕಾರಣವೂ ಇತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರಿಗೆ ಕ್ಷಯ ಆಗಿತ್ತು. ತಿಂಗಳುಗಟ್ಟಲೆ ದಿನಕ್ಕೊಂದು ಸೂಜಿ ಚುಚ್ಚಿಸಿಕೊಂಡು ಬದುಕಿದ್ದರು. ಆ ಸೂಜಿಯೊಳಗೆ ಇದ್ದದ್ದೂ ಇದೇ ಔಷಧ.

"ನನ್ನ ಎದಿ ಉಳಿಸಿದ್ದು ನನ್ನ ಬಳ್ಳಿ ಉಳಸಂಗಿಲ್ಲೇನು?" ಎಂದು ಕೇಳುತ್ತಿದ್ದರು.

ಬಳ್ಳಿ ಉಳಿಯುತ್ತಿರಲಿಲ್ಲ. ಪುಡಿ ಹೊಡೆದಷ್ಟೂ ಚುಕ್ಕಿ ಹೆಚ್ಚುತ್ತಿತ್ತು. ನಾನು ಸ್ಯಾಂಪಲ್ ಕೇಳಲು ಮೊದಲ ಸಲ ಹೋದ ದಿನ ಅವರ ಮಗ ಅಯಾಜ್ ಅಂಗಳದಲ್ಲೇ ಸಿಕ್ಕ. ಕೆಟ್ಟವನಲ್ಲ. ಎರಡು ವರ್ಷ ಕಾದು ಬೇಸತ್ತಿದ್ದ.

"ಅಬ್ಬಾನ ಕಣ್ಣು ಮಂಜಾಗ್ಯಾವ ಅಕ್ಕಾ. ಒಂದ ಚಮಚ ಅಂತ ಅರ್ಧಾ ಚಮಚ ಹಾಕ್ತಾರ. ಗುದ್ಲೆಪ್ಪನೂ ಅದನ್ನ ಅಂದ, ಪುಡಿ ಚಲೋ ಐತಿ, ಅಳತಿ ತಪ್ಪಾಕತ್ತೈತಿ ಅಂತ. ಈ ಸಲ ಬಳ್ಳಿ ಇಳಸೂ ಹೊತ್ತಿಗೆ ರೋಗ ನಿಲ್ಲಲಿಲ್ಲಂದ್ರ ಎಲ್ಲಾ ಕಿತ್ತು ಗೋವಿನಜೋಳ ಹಾಕೂದ."

ಬಳ್ಳಿ ಇಳಿಸುವುದು ಎಂದರೆ, ಮರದೆತ್ತರ ಬೆಳೆದ ಬಳ್ಳಿಯನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ, ಬುಡಕ್ಕೆ ಸುತ್ತಿ ಮಣ್ಣು ಮುಚ್ಚಿ, ಮತ್ತೆ ಹಬ್ಬಿಸುವುದು. ಅದಕ್ಕೆ ನಾಲ್ಕೂವರೆ ತಿಂಗಳಿತ್ತು. ಚಾಚಾ ಕಟ್ಟೆಯ ಮೇಲೆ ಕೂತು ಮಗನ ಮಾತನ್ನೆಲ್ಲ ಕೇಳುತ್ತಿದ್ದರು. ಆ ವರ್ಷ ಯಾರೂ ಅವರನ್ನು ಮೊದಲ ಕುಡಿ ಊರಲು ಕರೆದಿರಲಿಲ್ಲ. ಮುನಾಫನ ಕೈಗುಣ ಹೋಯಿತು ಎಂದು ಮಂದಿ ಆಡಿಕೊಳ್ಳುವುದು ಅವರ ಕಿವಿಗೂ ಬಿದ್ದಿತ್ತು.

"ಚಾಚಾ, ತಪ್ಪು ಪುಡೀದೋ ನಿಮ್ಮ ಕೈದೋ ನಾನು ನೋಡಿ ಹೇಳ್ತೇನಿ" ಎಂದೆ. "ಕೆಲವು ಹುಳಾ ಔಷಧಕ್ಕ ಬಗ್ಗಂಗಿಲ್ರಿ. ಅದರ ಒಳಗ ಅಂಥಾದ್ದೊಂದು ಜೀನು ಇರ್ತೈತಿ. ಅದು ಸಿಕ್ತಂದ್ರ ತಪ್ಪು ನಿಮ್ಮದಲ್ಲ. ರೋಗ ಹತ್ತಿದ ಎಲಿ ಬೇಕು ನನಗ, ಚುಕ್ಕಿ ಇದ್ದದ್ದು."

ಚಾಚಾನ ಮುಖ ಅರಳಿತು. "ಕುಂದರವ್ವಾ, ಈಗ ತಂದೆ" ಎಂದರು.

ಎಲೆತೋಟದೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಮನೆಯವರೂ ಸ್ನಾನ ಮಾಡಿ, ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು. ಹಿಂದೂ ಮುಸ್ಲಿಂ ಎನ್ನದೆ ಎಲ್ಲ ಎಲೆತೋಟದವರ ರಿವಾಜು ಇದು. ಹಾಗಾಗಿ ನಾನು ಬದುವಿನ ಮೇಲೆ ಕೂತೆ. ಚಾಚಾನ ಹೆಂಡತಿ ಕುಲಸುಮಬಿ ಚಾಚಿ ಚಹಾ ಕೊಟ್ಟರು, ಜೊತೆಗೆ ತಿನ್ನಲು ಸವಣೂರ ಖಾರಾ ಕೊಟ್ಟರು. ಅರ್ಧ ಗಂಟೆಗೆ ಚಾಚಾ ಬಾಳೆಯ ಎಲೆಯಲ್ಲಿ ಸುತ್ತಿದ ಹತ್ತು ಎಲೆ ತಂದು ನನ್ನ ಕೈಗಿಟ್ಟರು. ಒಂದೊಂದರ ಮೇಲೂ ಒಂದೆರಡು ಕಂದು ಚುಕ್ಕಿ ಇತ್ತು. ಮಂಜುಗಡ್ಡೆಯ ಡಬ್ಬಿಗೆ ಹಾಕಿಕೊಂಡು ಯಲವಿಗಿಗೆ ಹೋಗಿ ರೈಲು ಹತ್ತಿದೆ. ಮೂರು ತಿಂಗಳಲ್ಲಿ ಮೂರು ಸಲ ಹೀಗೇ ನಡೆಯಿತು.

ಪ್ರಯೋಗಾಲಯದಲ್ಲಿ ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆ. ಚುಕ್ಕಿಯ ಸುತ್ತಲಿನ ತುಂಡು ಅರೆದು ತಟ್ಟೆಯಲ್ಲಿ ಬೆಳೆಸಿದೆ. ಹಳದಿ ಬಣ್ಣದ್ದೊಂದು ಬ್ಯಾಕ್ಟೀರಿಯಾ ಬೆಳೆಯಿತು. ರೋಗದ್ದೂ ಹಳದಿಯೇ. ಸರಿ, ಇದೇ ಅಂದುಕೊಂಡೆ. ಎಲೆಯ ಮೇಲೆ ಯಾರ ಗೊಡವೆಗೂ ಹೋಗದೆ ಬದುಕುವ ಹಳದಿ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ. ಇದು ನಿಜಕ್ಕೂ ರೋಗದ್ದೇ ಹೌದೋ ಎಂದು ಒಳ್ಳೆಯ ಬಳ್ಳಿಗೆ ಹಚ್ಚಿ ನೋಡಬೇಕಿತ್ತು. ಆತುರಗೇಡಿ, ನೋಡಲಿಲ್ಲ. ಸ್ಟ್ರೆಪ್ಟೊಮೈಸಿನ್ ಬೆರೆಸಿದ ತಟ್ಟೆಗೆ ಹಾಕಿದರೆ ಅದು ಮೊದಲ ದಿನವೇ ಸತ್ತಿತು. ಪಿಸಿಆರ್ ಯಂತ್ರದಲ್ಲಿ ಜೀನು ಹುಡುಕಿದೆ. ಜೀನು ಇದ್ದರೆ ಲೋಳೆಯಂಥ ಜೆಲ್ಲಿನ ಮೇಲೆ ಬೆಳ್ಳನೆಯ ಗೆರೆ ಕಾಣಬೇಕು. ಮೂರು ಸಲವೂ ಗೆರೆ ಕಾಣಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಹಾಗೆ ಯಂತ್ರವನ್ನು ಬೈದೆ, ಜೆಲ್ಲನ್ನು ಬೈದೆ. ಕೊನೆಗೆ ಬರೆದದ್ದು ಇಷ್ಟೇ: ಜೀನು ಇಲ್ಲ, ಪುಡಿ ಕೆಲಸ ಮಾಡುತ್ತದೆ.

ಪುಡಿ ಕೆಲಸ ಮಾಡುತ್ತದೆ ಎಂದಮೇಲೆ ತಪ್ಪು ಕೈಯದು. ಆ ಮಾತನ್ನು ಚಾಚಾನ ಎದುರು ನಿಂತು ನಾನೇ ಹೇಳಬೇಕಾಯಿತು.

ಅಯಾಜ್ "ನಾ ಹೇಳಿದ್ದಿಲ್ಲೇನು?" ಎಂದ. ಗೆದ್ದವನ ದನಿಯಲ್ಲಲ್ಲ, ಬೇಸರದಲ್ಲೇ ಅಂದ. ಚಾಚಾ ಎದ್ದು ಒಳಗೆ ಹೋದರು. ಸಿಟ್ಟಾದರು ಅಂದುಕೊಂಡೆ. ಪುಡಿಯ ಪಾಕೀಟು, ಚಮಚ, ಒಂದು ಚೂರಿ, ನೀರಿನ ಕೊಡ ಎಲ್ಲವನ್ನೂ ತಂದು ನನ್ನ ಮುಂದೆ ಸಾಲಾಗಿ ಇಟ್ಟರು.

"ನೋಡವ್ವಾ, ನಾ ಎಲ್ಲಿ ತಪ್ಪಾಕತ್ತೇನಿ ಹೇಳು. ತಿದ್ದಿಕೊಳ್ತೇನಿ."

ಚಮಚದ ತುಂಬ ಪುಡಿ ತೆಗೆದುಕೊಂಡು, ಚೂರಿಯ ಬೆನ್ನಿನಿಂದ ಮೇಲಿನದನ್ನು ಸವರಿ, ಉಳಿದದ್ದನ್ನು ಕೊಡಕ್ಕೆ ಹಾಕಿ, ಬೇವಿನ ಕೋಲಿನಿಂದ ತಿರುವಿದರು. ಒಂದು ಕಾಳೂ ಆಚೆ ಬೀಳಲಿಲ್ಲ. ನನ್ನ ಪ್ರಯೋಗಾಲಯದ ತಕ್ಕಡಿಯೂ ಅದಕ್ಕಿಂತ ಹೆಚ್ಚು ಕರಾರುವಾಕ್ಕಾಗಿ ತೂಗುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಹೇಳಲು ನನಗೆ ಆಗಲಿಲ್ಲ. ತಪ್ಪೇ ಇಲ್ಲ ಎನ್ನಲು ನನ್ನ ವರದಿ ಬಿಡಲಿಲ್ಲ.

"ಹಂಗಾರ ಕೈನ ಕೆಟ್ಟೈತಿ" ಎಂದರು ಚಾಚಾ, ಅಂಗೈ ನೋಡಿಕೊಳ್ಳುತ್ತ. ಆಮೇಲೆ ಹೆಣ್ಣುಮಗಳು ಬರಿಗೈಲೆ ಹೋಗಬಾರದು ಎಂದು ಒಂದು ಕಟ್ಟು ಒಳ್ಳೆಯ ಎಲೆ ಕಟ್ಟಿಕೊಟ್ಟರು. ರೈಲಿನಲ್ಲಿ ಆ ಕಟ್ಟು ತೊಡೆಯ ಮೇಲಿಟ್ಟುಕೊಂಡು ಧಾರವಾಡದವರೆಗೆ ಅತ್ತೆ. ಎದುರಿನ ಸೀಟಿನ ಹೆಂಗಸು ಗಂಡನ ಮನೆಗೆ ಹೊರಟವಳು ಎಂದುಕೊಂಡು ನನಗೆ ಸಮಾಧಾನ ಹೇಳಿದಳು.

ಮರುದಿನ ನಮ್ಮ ಗೈಡ್ ರಾಜಕುಮಾರ ಸರ್ ಮುಂದೆ ಎಲ್ಲ ಹೇಳಿದೆ. ಅವರು ಹೆಚ್ಚು ಮಾತಾಡುವವರಲ್ಲ.

"ಸ್ಯಾಂಪಲ್ ತಗದವ್ರು ಯಾರು?"

"ಚಾಚಾ, ಸರ್."

"ನೀ ಎಲ್ಲಿದ್ದಿ?"

"ಬದುವಿನ ಮ್ಯಾಲೆ."

"ಏನ ಮಾಡಾಕತ್ತಿದ್ದಿ?"

"ಚಹಾ ಕುಡಿಯಾಕತ್ತಿದ್ದೆ, ಸರ್."

ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟೇ. ಅವರು ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ಕೈ ಕೆಸರು ಮಾಡಿಕೊಳ್ಳದೆ ಬಾಯಿಗೆ ಮೊಸರು ಬಯಸಿದವಳು ನಾನು.

ಮುಂದಿನ ಶುಕ್ರವಾರ ಫೋನು ಮಾಡದೆ ಸವಣೂರಿಗೆ ಹೋದೆ. ಚಾಚಾ ನಮಾಜಿಗೆ ಹೋಗಿದ್ದರು. ಚಾಚಿ ಅಂಗಳದಲ್ಲಿ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಕೊಯ್ದ ಎಲೆ ಆರಿಸುತ್ತಿದ್ದರು. ಒಳ್ಳೆಯದನ್ನು ಕಟ್ಟಿಗೆ ಜೋಡಿಸುವುದು, ಕೆಟ್ಟದ್ದನ್ನು ತಿರುಗಿ ನೋಡದೆ ಬುಟ್ಟಿಗೆ ಎಸೆಯುವುದು. ಬುಟ್ಟಿ ಅರ್ಧ ತುಂಬಿತ್ತು. ನಾನು ಸುಮ್ಮನೆ ಅದರಿಂದ ಒಂದು ಎಲೆ ತೆಗೆದು ಬೆಳಕಿಗೆ ಹಿಡಿದೆ. ನೀರು ಹೀರಿದಂಥ ಚುಕ್ಕಿ, ಸುತ್ತ ಹಳದಿ ಬಳೆ. ಪುಸ್ತಕದಲ್ಲಿ ಬರೆದದ್ದು ಬರೆದ ಹಾಗೇ ಇತ್ತು. ನನಗೆ ಕೊಟ್ಟ ಮೂವತ್ತು ಎಲೆಗಳಲ್ಲಿ ಒಂದಕ್ಕೂ ಈ ಬಳೆ ಇರಲಿಲ್ಲ.

"ಚಾಚಿ, ಇವು ಎಲ್ಲಿಂದ ಬಂದ್ವು?"

"ಎಲ್ಲಿಂದ ಬರ್ತಾವ? ನಮ್ಮ ತ್ವಾಟದ್ದ. ತಿಪ್ಪಿಗೆ ಹಾಕೂವು."

"ನನಗ್ಯಾಕ ಇವನ್ನ ಕೊಡಲಿಲ್ಲ?"

ಚಾಚಿ ನಕ್ಕರು. "ನಿನಗ? ಇವನ್ನ? ನಿಮ್ಮ ಚಾಚಾ ಜೀವಾ ಹೋದರೂ ಕೊಡಂಗಿಲ್ಲವ್ವಾ. ಕೊಳತ ಎಲಿ ಹೆಣ್ಣುಮಗಳ ಕೈಯಾಗ ಇಡೂದಂದ್ರ ಏನು? ನೀ ಚುಕ್ಕಿ ಇರಬೇಕು ಅಂದಿ. ಪಾಪ, ಅರ್ಧಾ ತಾಸು ಹುಡಿಕಿ ಹುಡಿಕಿ, ಬಿಸಿಲಿಗೆ ಸುಟ್ಟು ಕಲಿ ಬಿದ್ದ ಎಲಿ ಆರಿಸಿ ತರ್ತಿದ್ರು. ತೊಳದು ಒರಿಸಿ ಬ್ಯಾರೆ!"

ಸಿಟ್ಟು ನೆತ್ತಿಗೇರಿದ್ದು ಆಗಲೇ. ಚಾಚಿ ಬಸಿಗೆ ಚಹಾ ಸುರಿದು ಕೊಟ್ಟರು. ಅಷ್ಟರಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡು ಚಾಚಾ ಬಂದರು. ನನ್ನ ಕೈಯಲ್ಲಿದ್ದ ಎಲೆ ನೋಡಿದವರೇ, "ಅಯ್ಯ, ಅದನ್ಯಾಕ ಮುಟ್ಟಿದಿ, ಚೆಲ್ಲು, ಚೆಲ್ಲು" ಎಂದು ಓಡಿ ಬಂದರು. ಮಗುವಿನ ಕೈಯಿಂದ ಬ್ಲೇಡು ಕಸಿಯಲು ಬಂದ ಹಾಗೆ ಬಂದ ಆ ಮುಖ ನೋಡಿ ನನ್ನ ಸಿಟ್ಟು ಇಳಿದುಹೋಯಿತು.

"ಚಾಚಾ, ನಾ ಕೇಳಿದ್ದು ಇದನ್ನ. ನೀವು ಬಿಸಿಲಿನ ಕಲಿ ಕೊಟ್ರಿ. ಯಾಕ್ರಿ?"

ಅವರಿಗೆ ತಾವು ಮಾಡಿದ್ದರಲ್ಲಿ ತಪ್ಪೇನಿದೆ ಎಂದೇ ತಿಳಿಯಲಿಲ್ಲ. "ಅದ ತ್ವಾಟ, ಅದ ಬಳ್ಳಿ ಅಲ್ಲೇನವ್ವಾ? ನನಗ ಎದಿಯಾಗ ರೋಗ ಇದ್ದಾಗ ಡಾಕ್ಟರು ರಕ್ತ ತಗೊಂಡಿದ್ದು ಬೆರಳಿನಾಗಿಂದ. ಎದಿ ಸೀಳಲಿಲ್ಲ. ಮೈಯಾಗ ರೋಗ ಇದ್ರ ಯಾವ ಬೆರಳಾಗರ ಸಿಗತೈತಿ. ಹಂಗಾರ ಇದ್ದದ್ರಾಗ ಚಲೋ ಎಲಿ ಕೊಟ್ರ ನಿನಗ ಕಮ್ಮಿ ಏನಾತು?"

ನಾಲ್ಕು ವರ್ಷ ಓದಿದವರೂ ಹೀಗೆ ಯೋಚಿಸಲಾರರು. ಎಲೆಯ ರೋಗ ಚುಕ್ಕಿಯಲ್ಲೇ ಕೂತಿರುತ್ತದೆ, ರಕ್ತದ ಹಾಗೆ ಎಲ್ಲ ಕಡೆ ಹರಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ನೀವು ಕೊಟ್ಟ ಒಳ್ಳೆಯ ಎಲೆಗಳೇ ನಿಮ್ಮ ಕೈಗೆ ಕೆಟ್ಟ ಹೆಸರು ತಂದವು ಎಂದೂ ಹೇಳಿದೆ. ಚಾಚಾ ತಾವೇ ತೋಟದೊಳಗೆ ಹೋಗಿ, ಅತೀ ಕೆಟ್ಟ ಸಾಲಿನಿಂದ ಎಲೆ ಕೊಯ್ದು ತಂದರು. ಕೈಗೆ ಮಾತ್ರ ಕೊಡಲಿಲ್ಲ. ಬದುವಿನ ಮೇಲೆ ಇಟ್ಟು, ಮುಖ ಆಚೆ ತಿರುಗಿಸಿ, "ನೀನ ಎತ್ತಿಕೊ" ಎಂದರು.

ಎತ್ತಿಕೊಂಡೆ. ಈ ಸಲ ಬೆಳೆದ ಬ್ಯಾಕ್ಟೀರಿಯಾವನ್ನು ಒಳ್ಳೆಯ ಬಳ್ಳಿಗೆ ಹಚ್ಚಿದೆ. ವಾರದಲ್ಲಿ ಬಳೆ ಸಮೇತ ಚುಕ್ಕಿ ಬಂತು. ಸ್ಟ್ರೆಪ್ಟೊಮೈಸಿನ್ ತಟ್ಟೆಯಲ್ಲಿ ಅದು ಮಾವನ ಮನೆಗೆ ಬಂದ ಅಳಿಯನ ಹಾಗೆ ಕೊಬ್ಬಿ ಬೆಳೆಯಿತು. ಜೆಲ್ಲನ್ನು ಬೆಳಕಿನ ಮೇಲಿಟ್ಟೆ. ಹತ್ತು ಎಲೆಗಳ ಪೈಕಿ ಒಂಬತ್ತರಲ್ಲಿ ಬೆಳ್ಳನೆಯ ಗೆರೆ ಕಂಡಿತು. ರಾಜಕುಮಾರ ಸರ್ ಹಳೆಯ ಮೂರು ಸ್ಯಾಂಪಲ್‌ಗಳನ್ನೂ ಫ್ರಿಜ್ಜಿನಿಂದ ತೆಗೆಸಿ ಮತ್ತೆ ನೋಡಿಸಿದರು. ರೋಗದ ಬ್ಯಾಕ್ಟೀರಿಯಾವೇ ಅವುಗಳಲ್ಲಿ ಇರಲಿಲ್ಲ.

ಬಳ್ಳಿ ಇಳಿಸಲು ಹತ್ತು ದಿನ ಉಳಿದಿದ್ದಾಗ ಮತ್ತೆ ಸವಣೂರಿಗೆ ಹೋದೆ. ಮೂವರೂ ಕಟ್ಟೆಯ ಮೇಲೆ ಕೂತಿದ್ದರು. ಫೋನಿನಲ್ಲಿ ಜೆಲ್ಲಿನ ಚಿತ್ರ ತೋರಿಸಿ ಅಯಾಜ್‌ಗೇ ಮೊದಲು ಹೇಳಿದೆ.

"ನಿಮ್ಮ ಅಬ್ಬಾನ ಅಳತಿ ತಪ್ಪಿಲ್ಲಪಾ. ಕೈನೂ ಕೆಟ್ಟಿಲ್ಲ. ಇಲ್ಲಿ ಬೆಳ್ಳಗ ಗೆರಿ ಕಾಣ್ತಾವಲ್ಲ, ಅದ ಆ ಜೀನು. ಪುಡಿಯ ಬಾಯಿಗೆ ಬೀಗ ಹಾಕೂ ವಿದ್ಯಾ ಅದು. ಈ ಹುಳಾ ಅದನ್ನ ಕಲಿತಾವ. ಒಂದು ಕಲಿತ್ರ ಬಾಜೂದ್ದಕ್ಕೂ ಕಲಸ್ತೈತಿ. ಇನ್ನ ಬಂಡಿಗಟ್ಲೆ ಪುಡಿ ಹೊಡದ್ರೂ ಅಷ್ಟ. ಹೊಡದಷ್ಟೂ ಕಲಿಯದವು ಸಾಯ್ತಾವ, ಕಲಿತವು ಉಳೀತಾವ."

ಅಯಾಜ್ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಆಮೇಲೆ ಫೋನು ನನಗೆ ಕೊಡದೆ ತಂದೆಯ ಕೈಗೆ ಕೊಟ್ಟ. ಚಾಚಾ ಆ ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನನ್ನ ಎದಿಯೊಳಗಿನ ಹುಳಾ ಈ ವಿದ್ಯಾ ಕಲಿತಿದ್ರ?" ಎಂದು ಕೇಳಿದರು.

"ಬರೇ ಆ ಸೂಜಿ ನಂಬಿದ್ರ ನೀವು ಉಳೀತಿದ್ದಿಲ್ಲ ಚಾಚಾ."

ಚಾಚಾ ಎದ್ದು ಒಳಗೆ ಹೋಗಿ ಉಳಿದಿದ್ದ ಪಾಕೀಟುಗಳನ್ನೆಲ್ಲ ತಂದು ನನ್ನ ಮುಂದಿಟ್ಟರು. "ಮನಷ್ಯಾರ ಜೀವಾ ಉಳಸೂ ಔಷಧ, ನಾ ಎಲಿಗೆ ಹೊಡದು ಕೆಡಸಾಕತ್ತಿದ್ದೆ. ಒಯ್ಯವ್ವಾ. ನಮ್ಮ ಮನ್ಯಾಗ ಬ್ಯಾಡ." ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಅಯಾಜ್‌ನ ಪ್ರಶ್ನೆ ಮಾತ್ರ ಹಾಗೇ ಇತ್ತು. "ತಪ್ಪು ಅಬ್ಬಾಂದಲ್ಲ, ಖರೆ. ಆದ್ರ ಬಳ್ಳಿ ಹೋದಂಗ ಅಲ್ಲೇನಕ್ಕಾ? ರೋಗ ಇಲ್ಲದ ಕುಡಿ ಎಲ್ಲಿಂದ ತರೂದು? ಸುತ್ತೆಲ್ಲ ತ್ವಾಟದಾಗೂ ಇದ ಚುಕ್ಕಿ."

ಆಗ ನನ್ನ ತಲೆಗೆ ಹೊಳೆಯಿತು. "ಚಾ‌ಚಾ, ನನಗ ಕೊಟ್ಟ ಆ ಮೂವತ್ತು ಎಲಿ ಯಾವ ಸಾಲಿನವು?"

ಚಾಚಾ ತಲೆ ತಗ್ಗಿಸಿದರು. ಉತ್ತರ ಕೊಟ್ಟವರು ಚಾಚಿ. "ಬಾವಿ ದಂಡಿ ಮ್ಯಾಲಿನ ಸಾಲು. ಅವರ ಅಪ್ಪ ಹಚ್ಚಿದ್ದು. ಮನಿಗೆ, ಬೀಗರಿಗೆ, ದರ್ಗಾಕ್ಕ ಕೊಡೂದು ಅದನ್ನ. ಅದಕ್ಕ ಪುಡಿ ಹೊಡ್ಯಂಗಿಲ್ಲ. ಬ್ಯಾರೆ ಕೊಡಪಾನದಿಂದ ನೀರು, ಬ್ಯಾರೆ ಚೂರಿ. ಊರಿಗೊಂದು, ಮನಿಗೊಂದು!"

"ನಾವು ತಿನ್ನೂ ಎಲಿಗೆ ಔಷಧ ಯಾಕ ಹೊಡೀಲಿ?" ಎಂದು ಚಾಚಾ ಗೊಣಗಿದರು.

ನಾನು ನಗುತ್ತಲೇ ಎದ್ದು ನಿಂತೆ. ಮೂರು ತಿಂಗಳು ಆ ಸಾಲಿನ ಎಲೆಯನ್ನೇ ತಪಾಸಣೆ ಮಾಡಿದ್ದೆ. ಮೂರು ಸಲವೂ ಅದರಲ್ಲಿ ರೋಗವಿರಲಿಲ್ಲ. ಯಾವ ಕೆಲಸ ಹಾಳಾಯಿತೆಂದು ರೈಲಿನಲ್ಲಿ ಅತ್ತಿದ್ದೆನೋ, ಅದೇ ಕೆಲಸ ಈ ತೋಟದಲ್ಲಿ ಯಾವ ಬಳ್ಳಿ ಶುದ್ಧ ಎಂದು ಹೇಳುತ್ತಿತ್ತು. ಬೇರೆ ನೀರು, ಬೇರೆ ಚೂರಿಯಿಂದಲೇ ಆ ಸಾಲು ಉಳಿಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಉಳಿದದ್ದಂತೂ ನಿಜ. ಕಾಂಡದ ತುಂಡನ್ನೂ ಒಯ್ದು ನೋಡಿದೆ, ಅದೂ ಶುದ್ಧವಿತ್ತು.

ಅಯಾಜ್ ಗೋವಿನಜೋಳದ ಮಾತು ಮತ್ತೆ ಎತ್ತಲಿಲ್ಲ. ಆ ವರ್ಷ ಬಳ್ಳಿ ಇಳಿಸಲಿಲ್ಲ. ರೋಗದ ಸಾಲುಗಳನ್ನೆಲ್ಲ ಕಿತ್ತು ಸುಟ್ಟರು. ನೆಲಕ್ಕೆ ಬಿಸಿಲು ಉಣ್ಣಿಸಿದರು. ಬಾವಿಯ ಸಾಲಿನಿಂದ ಕುಡಿ ಕತ್ತರಿಸಿ ಹೊಸದಾಗಿ ಹಚ್ಚಿದರು. ಮೊದಲ ಕುಡಿ ಊರುವಾಗ ಅಯಾಜ್ ಕುಡಿಯನ್ನು ತಾನು ಹಿಡಿಯದೆ ತಂದೆಯ ಕೈಗೆ ಕೊಟ್ಟನಂತೆ. ಚಾಚಿ ಫೋನಿನಲ್ಲಿ ಇದನ್ನು ನನಗೆ ಮೂರು ಸಲ ಹೇಳಿದರು.

ಒಂದು ಮಳೆಗಾಲ ಕಳೆದು ಎರಡನೆಯದೂ ಮುಗಿದ ಮೇಲೆ, ಹೋದ ಅಕ್ಟೋಬರಿನಲ್ಲಿ, ಡಬ್ಬಿ ಹಿಡಿದುಕೊಂಡು ಮತ್ತೆ ಹೋದೆ. ರೋಗ ಮರಳಿದ್ದರೆ ಈ ಮಳೆಯಲ್ಲಿ ಕಾಣಲೇಬೇಕಿತ್ತು. ಹಾನಗಲ್ಲ ಕಡೆಯ ಫಕ್ಕೀರೇಶ ಎಂಬ ರೈತ ಆಗಲೇ ಜೀಪು ತಂದು ರಸ್ತೆಯಲ್ಲಿ ಕಾಯುತ್ತಿದ್ದ. ಅವನ ಹೊಸ ತೋಟಕ್ಕೆ ಮೊದಲ ಕುಡಿ ಊರಲು ಚಾಚಾ ಬೇಕಿತ್ತು. "ಮೊದಲ ಈ ಹುಡಿಗಿ ನೋಡಿ ಹೇಳ್ಲಿ. ಆಮ್ಯಾಲೆ ಬರ್ತೇನಿ" ಎಂದು ಚಾಚಾ ಅವನನ್ನು ಕೂರಿಸಿದ್ದರು.

"ಚಾಚಾ, ಚುಕ್ಕಿ ಎಲಿ ಕೊಡ್ರಿ. ಖರೇ ಚುಕ್ಕಿ" ಎಂದೆ.

"ಎರಡ ದಿನದಿಂದ ಹುಡಕಾಕತ್ತೇನಿ. ಒಂದೂ ಸಿಗವಲ್ದು."

ನಾನು ಅವರ ಮುಖ ನೋಡಿದೆ. ಜೀವ ಹೋದರೂ ಕೆಟ್ಟ ಎಲೆ ಕೊಡದ ಮನುಷ್ಯ. ನಂಬುವುದು ಹೇಗೆ? ನನ್ನ ಅನುಮಾನ ಅವರಿಗೂ ತಿಳಿಯಿತು.

"ನನ್ನ ಮ್ಯಾಲೆ ಇಶ್ವಾಸ ಇಲ್ಲಲ್ಲ? ಇರಬಾರದು. ನೀನ ಒಳಗ ಹೋಗು. ಚಪ್ಪಲ್ ಬಿಡು, ಕಾಲು ತೊಳಕೊ, ಹೋಗಿ ನೋಡು." ಚಾಚಿ ಬಾಯಿ ತೆರೆದು ಗಂಡನನ್ನು ನೋಡಿದರು. ನನಗೆ ಗೊತ್ತಿರುವಂತೆ ಹೊರಗಿನವರು ಆ ತೋಟದೊಳಗೆ ಕಾಲಿಟ್ಟದ್ದು ಅದೇ ಮೊದಲು.

ಚಾಚಾ ಬದುವಿನ ಮೇಲೆ, ನಾನು ಕೂರುತ್ತಿದ್ದ ಜಾಗದಲ್ಲೇ ಕೂತರು. ಚಾಚಿ ಬಸಿಗೆ ಚಹಾ ಸುರಿದು ಅವರ ಕೈಗಿಟ್ಟರು. ನಾನು ತಂಪು ಮಣ್ಣಿನ ಮೇಲೆ ಬರಿಗಾಲಿನಲ್ಲಿ ಸಾಲು ಸಾಲು ತಿರುಗಿದೆ. ಮೇಲಿನ ಎಲೆ, ಕೆಳಗಿನ ಎಲೆ, ಎಲೆಯ ಬೆನ್ನು, ಯಾವುದನ್ನೂ ಬಿಡಲಿಲ್ಲ. ಕೊನೆಯ ಸಾಲಿಗೆ ಮುಂಚಿನದರಲ್ಲಿ ಒಂದು ಚುಕ್ಕಿ ಕಂಡಿತು. ಬೆಳಕಿಗೆ ಹಿಡಿದೆ. ಬಳೆ ಇರಲಿಲ್ಲ. ಬೆರಳಿನಿಂದ ಸವರಿದೆ, ಒಣಗಿ ಗರಿಗರಿಯಾಗಿತ್ತು.

"ಏನ ಸಿಕ್ತಬೇ?" ಎಂದು ಚಾಚಾ ಹೊರಗಿನಿಂದ ಕೂಗಿದರು.

"ಏನಿಲ್ರಿ ಚಾಚಾ! ಬರೇ ಬಿಸಿಲಿನ ಕಲಿ!"

ಕೊನೆಯ ಸಾಲನ್ನೂ ನೋಡಿ ಮುಗಿಸಿ, ಖಾಲಿ ಡಬ್ಬಿ ಹಿಡಿದು ಹೊರಗೆ ಬಂದೆ. ಫಕ್ಕೀರೇಶ ಜೀಪು ಚಾಲೂ ಮಾಡಿ ಹಾರ್ನು ಹಾಕುತ್ತಿದ್ದ. ಚಾಚಾ ಎರಡೂ ಕೈಯಲ್ಲಿ ಬಸಿ ಹಿಡಿದು ಹಾಗೇ ಕೂತಿದ್ದರು. ಬಸಿಯಲ್ಲಿದ್ದ ಚಹಾ ಪೂರ್ತಿ ಆರಿಹೋಗಿತ್ತು. ಅವರು ಒಂದು ಗುಟುಕೂ ಕುಡಿದಿರಲಿಲ್ಲ.